288 ಚೌಕಗಳಲ್ಲಿ ಒಂದು ಬಾಲ್ಯ

ತಿಂಗಳನ್ನು ಮೂರು ಪಾಲು ಮಾಡಿದ್ದಾರೆ. ಹತ್ತು ಹತ್ತು ದಿನಕ್ಕೆ ಒಂದೊಂದು ಚೌಕ. ಮೊದಲ ಚೌಕಕ್ಕೆ ಹೊಲದ ಕೆಲಸ, ಎರಡನೆಯದಕ್ಕೆ ನೃತ್ಯದ ಪಾಠ, ಮೂರನೆಯದಕ್ಕೆ ಮತ್ತೆ ಹೊಲದ ಕೆಲಸ. ಒಪ್ಪಿಗೆಯ ಗುಂಡಿ ಒತ್ತಿದ ಕೂಡಲೇ ಹತ್ತು ವರ್ಷದ ಹುಡುಗಿಯೊಬ್ಬಳು ಪುಟ್ಟ ಚೌಕಟ್ಟಿನೊಳಗೆ ಓಡಾಡತೊಡಗುತ್ತಾಳೆ. ದಿನಗಳು ಟಕಟಕನೆ ಉರುಳುತ್ತವೆ. ಕೆಲವು ದಿನ ಕೆಲಸ ಚೆನ್ನಾಗಿ ಸಾಗುತ್ತದೆ, ಕೆಲವು ದಿನ ಕೆಡುತ್ತದೆ. ಜೊತೆಜೊತೆಗೆ ಅಂಕಿಗಳು ಅಲುಗಾಡುತ್ತವೆ: ಮೈಕಸುವು ಏರಿತು, ನಯನಾಜೂಕು ಇಳಿಯಿತು, ಒತ್ತಡ ಏರಿತು.

ಇದು ಜಪಾನಿನ ಗೈನಾಕ್ಸ್ ಸಂಸ್ಥೆ 1993ರಲ್ಲಿ ಹೊರತಂದ ‘ಪ್ರಿನ್ಸೆಸ್ ಮೇಕರ್ 2’ ಎಂಬ ವಿಡಿಯೊ ಗೇಮ್. ರಾಕ್ಷಸರ ಸೈನ್ಯದಿಂದ ನಗರವನ್ನು ಕಾಪಾಡಿದ ಯೋಧನೊಬ್ಬನ ಕೈಗೆ ದೇವಲೋಕದವರು ಒಂದು ಹೆಣ್ಣುಮಗುವನ್ನು ಒಪ್ಪಿಸುತ್ತಾರೆ. ಅವಳಿಗೆ ಹದಿನೆಂಟು ತುಂಬುವವರೆಗೆ ಸಾಕುವುದು ಆಟಗಾರನ ಹೊಣೆ. ಬೇರೆ ಆಟಗಳು ಎಲ್ಲಿ ಮುಗಿಯುತ್ತವೋ ಅಲ್ಲಿಂದ ಇದು ಶುರುವಾಗುತ್ತದೆ. ಯುದ್ಧ ಗೆದ್ದಾಗಿದೆ, ಖಡ್ಗ ಗೋಡೆಗೆ ತೂಗಿಯಾಗಿದೆ. ಇನ್ನೀಗ ಮನೆಗೆ ಬಂದ ಕೂಸಿಗೆ ಏನು ಉಣ್ಣಿಸುವುದು, ಯಾವ ಮೇಷ್ಟರ ಬಳಿ ಕಳಿಸುವುದು, ಪಾಠದ ಫೀಸಿಗೆ ದುಡ್ಡು ಎಲ್ಲಿಂದ ತರುವುದು. ಎಂಟು ವರ್ಷವೆಂದರೆ ತೊಂಬತ್ತಾರು ತಿಂಗಳು. ತಿಂಗಳಿಗೆ ಮೂರರಂತೆ 288 ಚೌಕ. ಅಷ್ಟನ್ನು ತುಂಬಿದರೆ ಒಂದು ಬಾಲ್ಯ ಮುಗಿಯಿತು. ಅವಳು ರಾಣಿಯಾಗಬಹುದು, ಸೇನಾಧಿಪತಿಯಾಗಬಹುದು, ಬರಹಗಾರ್ತಿಯೋ ಸನ್ಯಾಸಿನಿಯೋ ಮರ ಕಡಿಯುವವಳೋ ಆಗಬಹುದು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಕೊನೆಗಳನ್ನು ಆಟದೊಳಗೆ ಬರೆದಿಟ್ಟಿದ್ದಾರೆ.

ಈ ಬಗೆಯ ಆಟಗಳಿಗೆ ಜಪಾನೀಯರು ‘ಇಕುಸೇ’ ಎನ್ನುತ್ತಾರೆ. ಬೆಳೆಸುವುದು, ಸಾಕಿ ಸಲಹುವುದು ಎಂದರ್ಥ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಯಾವ ನಂಬಿಕೆಯಿಂದ ಹೇಳುತ್ತಿದ್ದರೋ ಅದೇ ನಂಬಿಕೆಯನ್ನು ಲೆಕ್ಕಕ್ಕೆ ಇಳಿಸಿದರೆ ಇಕುಸೇ ಆಟ ಆಗುತ್ತದೆ. ಆ ಲೆಕ್ಕ ಎಷ್ಟು ದೂರ ಸರಿ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮೂವತ್ತು ವರ್ಷಗಳಿಂದ ಬೇರೆ ಬೇರೆ ದೇಶಗಳ ಆಟ ರೂಪಿಸುವ ಕುಶಲಕರ್ಮಿಗಳು ಒರೆಗೆ ಹಚ್ಚುತ್ತಲೇ ಬಂದಿದ್ದಾರೆ. ಅದನ್ನು ಗಮನಿಸುವುದೇ ನನಗೆ ಈ ಆಟಗಳಲ್ಲಿ ಸಿಕ್ಕ ದೊಡ್ಡ ಸುಖ.

ಹೋದ ಬೇಸಿಗೆಯಲ್ಲಿ ನಾನು ಮೊದಲ ಸಲ ಸಾಕಿದ ಹುಡುಗಿ ಚಳಿಗಾಲ ಕಳೆಯುವ ಮುನ್ನವೇ ಹಾಸಿಗೆ ಹಿಡಿದಳು. ನಾನು ಮಾಡಿದ್ದಿಷ್ಟೇ. ವಿಜ್ಞಾನ, ಕಾವ್ಯ, ಚಿತ್ರಕಲೆ, ನೃತ್ಯ ಎಲ್ಲವೂ ಬೇಕೆನಿಸಿತು. ಪಾಠಕ್ಕೆ ಹಣ ಬೇಕು. ಹಣಕ್ಕೆ ಅವಳೇ ದುಡಿಯಬೇಕು. ಆದ್ದರಿಂದ ಪಾಠವಿಲ್ಲದ ಚೌಕಕ್ಕೆಲ್ಲ ದುಡಿಮೆ ತುಂಬಿದೆ. ಒಂದು ಚೌಕವೂ ಖಾಲಿ ಉಳಿಯದಂತೆ ನೋಡಿಕೊಂಡೆನೆಂದು ನನಗೆ ಸಮಾಧಾನವೂ ಇತ್ತು. ಆಟದೊಳಗಿನ ನಿಯಮ ಮಾತ್ರ ಬಹಳ ನೇರ: ಒತ್ತಡದ ಅಂಕಿ ಮೈಯ ತಾಳಿಕೆಯ ಅಂಕಿಯನ್ನು ದಾಟಿದರೆ ಮಗು ಕಾಯಿಲೆ ಬೀಳುತ್ತದೆ. ಹಾಗೇ ಬಿಟ್ಟರೆ ದಾರಿಯನ್ನೂ ತಪ್ಪಬಹುದು, ಹೇಳಿದ ಕೆಲಸಕ್ಕೆ ಹೋಗದೆ ತಿರುಗಬಹುದು. ಒತ್ತಡ ಇಳಿಯಬೇಕಾದರೆ ಸುತ್ತಾಡಲು ಬಿಡಬೇಕು, ಇಲ್ಲವೇ ಕಡಲ ತೀರಕ್ಕೋ ಬೆಟ್ಟಕ್ಕೋ ಕರೆದೊಯ್ಯಬೇಕು. ಅದಕ್ಕೂ ಒಂದು ಚೌಕ ಬೇಕು, ಅದಕ್ಕೂ ದುಡ್ಡು ಬೇಕು.

ಇಲ್ಲಿ ನಾನು ತುಸು ನಿಲ್ಲುತ್ತೇನೆ. ಏಕೆಂದರೆ ಈ ಆಟದ ಜೀವ ಇರುವುದೇ ಆ ನಿಯಮದಲ್ಲಿ. ಬಿಡುವನ್ನು ಇದು ಉಳಿದ ಹೊತ್ತಿನ ಬಾಬತ್ತಾಗಿ ನೋಡುವುದಿಲ್ಲ. ಪಾಠ ಎಷ್ಟು ಜಾಗ ಹಿಡಿಯುತ್ತದೋ ಬಿಡುವೂ ಅಷ್ಟೇ ಜಾಗ ಹಿಡಿಯುತ್ತದೆ. ನಮ್ಮ ಮನೆಗಳ ವೇಳಾಪಟ್ಟಿಯಲ್ಲಿ ಆರು ಗಂಟೆಗೆ ಟ್ಯೂಷನ್, ಏಳೂವರೆಗೆ ಸಂಗೀತ ಎಂದು ಬರೆದಿರುತ್ತದೆ. ‘ಸುಮ್ಮನೆ ಕೂರುವುದು’ ಎಂದು ಯಾರೂ ಬರೆದು ಗೋಡೆಗೆ ಅಂಟಿಸುವುದಿಲ್ಲ. ಹಾಗೆಯೇ ಇಲ್ಲಿ ಯಾವ ಗಳಿಕೆಯೂ ಬಿಟ್ಟಿ ಅಲ್ಲ. ಹೊಲದ ಕೆಲಸದಿಂದ ಮೈ ಗಟ್ಟಿಯಾಗುತ್ತದೆ, ನಾಜೂಕು ಕಡಿಮೆಯಾಗುತ್ತದೆ. ಮನೆಗೆಲಸ ಮಾಡಿಸಿದರೆ ಅಡುಗೆ ಕೈಗೆ ಹತ್ತುತ್ತದೆ, ಸೂಕ್ಷ್ಮ ಸಂವೇದನೆ ಒಂದಿಷ್ಟು ಮೊಂಡಾಗುತ್ತದೆ. ಎಲ್ಲವೂ ತುಂಬಿ ತುಳುಕುವ ಮಗುವನ್ನು ತಯಾರಿಸಲು ಹೊರಟವರ ಕೈಯಿಂದ ಏನೋ ಒಂದು ಸೋರಿ ಹೋಗುತ್ತಲೇ ಇರುತ್ತದೆ. ಅಕ್ಟೋಬರಿನಲ್ಲಿ ಸುಗ್ಗಿಯ ಹಬ್ಬ ಬರುತ್ತದೆ. ಕತ್ತಿವರಸೆ, ನೃತ್ಯ, ಚಿತ್ರಕಲೆ, ಅಡುಗೆ ಎಂದು ಪಂದ್ಯಗಳು. ಒಂದು ವರ್ಷಕ್ಕೆ ಒಂದರಲ್ಲಿ ಮಾತ್ರ ನಿಲ್ಲಬಹುದು. ಆ ಹೊತ್ತಿಗೆ ನಿಮ್ಮ ಹುಡುಗಿ ಯಾವ ದಾರಿಯಲ್ಲಿ ನಡೆದಿದ್ದಾಳೆಂಬುದು ನಿಮಗೇ ಮೊದಲ ಸಲ ಸ್ಪಷ್ಟವಾಗುತ್ತದೆ.

ಆಟವನ್ನು ರೂಪಿಸಿ ಚಿತ್ರ ಬರೆದವರು ಟಕಾಮಿ ಅಕಾಯ್. ಗೈನಾಕ್ಸ್ ಮೂಲತಃ ಅನಿಮೇಷನ್ ಸಂಸ್ಥೆಯಾಗಿತ್ತು. ಮುಂದೆ 1995ರಲ್ಲಿ ‘ಇವಾಂಗೆಲಿಯನ್’ ಸರಣಿಯಿಂದ ಲೋಕವಿಖ್ಯಾತವಾಯಿತು. ಮೊದಲ ‘ಪ್ರಿನ್ಸೆಸ್ ಮೇಕರ್’ ಬಂದದ್ದು 1991ರಲ್ಲಿ, ಆಗ ಜಪಾನಿನಲ್ಲಿ ಹೆಚ್ಚು ಬಳಕೆಯಲ್ಲಿದ್ದ ಪಿಸಿ-98 ಕಂಪ್ಯೂಟರಿಗೆ. ಎರಡನೆಯದನ್ನು ತೊಂಬತ್ತರ ದಶಕದಲ್ಲೇ ಇಂಗ್ಲಿಷಿಗೆ ಅನುವಾದಿಸಿದರೂ ಅದು ಆಗ ಅಂಗಡಿಗೆ ಬರಲೇ ಇಲ್ಲ. ಹೇಗೋ ಹೊರಬಿದ್ದ ಒಂದು ಪ್ರತಿ ಅಂತರ್ಜಾಲದಲ್ಲಿ ಕೈಯಿಂದ ಕೈಗೆ ದಾಟುತ್ತಾ ಜಪಾನಿನಾಚೆಯ ಒಂದು ಪೀಳಿಗೆಯನ್ನೇ ಈ ಆಟಕ್ಕೆ ಒಲಿಸಿತು. 2024ರಲ್ಲಿ ಚಿತ್ರಗಳನ್ನು ಹೊಸದಾಗಿ ತಿದ್ದಿದ ‘ರೀಜನರೇಷನ್’ ಆವೃತ್ತಿ ಬಂದಿದೆ.

ಈ ಆಟದ ಮೇಲೆ ನನಗಿರುವ ಪ್ರೀತಿಗೆ ಒಂದು ಗೆರೆ ಇದೆ. ಹುಡುಗಿಯ ಮೈಯಳತೆಯನ್ನು ಗುಣಗಳ ಪಟ್ಟಿಯ ಜೊತೆಗೇ ಬರೆದಿಟ್ಟದ್ದು, ಸಾಕಿದವನನ್ನೇ ಮದುವೆಯಾಗುವ ಕೊನೆಯೊಂದನ್ನು ಸೇರಿಸಿದ್ದು ತಪ್ಪು. ಆ ಕಾಲ ಹಾಗಿತ್ತು ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಾಗುವುದಿಲ್ಲ. ಮಗುವನ್ನು ಸಾಕುವ ಕಣ್ಣಿಗೂ ಹೆಣ್ಣನ್ನು ಅಳೆಯುವ ಕಣ್ಣಿಗೂ ನಡುವಿನ ಅಂತರವನ್ನು ಆಟ ಮಾಡಿದವರು ಕಾಯಲಿಲ್ಲ. ಅದೇ ಬುನಾದಿಯ ಮೇಲೆ ಮುಂದೆ ಬೇರೆಯವರು ಕಟ್ಟಿದ ಮನೆಗಳಲ್ಲಿ ಈ ಕೊಳೆ ಇಲ್ಲ ಎನ್ನುವುದೇ ಸಮಾಧಾನ.

ಬದುಕನ್ನು ಪಟದ ಮೇಲೆ ಹಾಸಿ ಆಡುವುದು ಕಂಪ್ಯೂಟರಿನಿಂದ ಶುರುವಾದದ್ದೇನಲ್ಲ. ವೈಕುಂಠ ಏಕಾದಶಿಯ ಜಾಗರಣೆಗೆ ನಮ್ಮಜ್ಜಿ ಪರಮಪದ ಸೋಪಾನ ಪಟ ಹಾಸುತ್ತಿದ್ದರು. ಕವಡೆ ಬಿದ್ದಂತೆ ಏಣಿ, ಕವಡೆ ಬಿದ್ದಂತೆ ಹಾವು. ಪಾಪವೂ ಪುಣ್ಯವೂ ಪಟದ ಮೇಲೆ ಹೆಸರು ಸಹಿತ ಇದ್ದವು, ಆದರೆ ಆರಿಸಿಕೊಳ್ಳಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಅಮೆರಿಕದ ಮಿಲ್ಟನ್ ಬ್ರಾಡ್ಲಿ 1860ರಲ್ಲಿ ಮಾಡಿದ ‘ಚೆಕರ್ಡ್ ಗೇಮ್ ಆಫ್ ಲೈಫ್’ ಶೈಶವದ ಚೌಕದಿಂದ ಹೊರಟು ಸುಖದ ಮುಪ್ಪಿಗೆ ಮುಟ್ಟುವ ಆಟ. ದಾಳವೆಂದರೆ ಜೂಜು ಎಂದು ಆ ಕಾಲದ ಗೃಹಸ್ಥರು ಮೂಗು ಮುರಿಯುತ್ತಿದ್ದರಿಂದ ಬ್ರಾಡ್ಲಿ ಬುಗುರಿಯಂತೆ ತಿರುಗಿಸುವ ಅಂಕಿಯ ಬಿಲ್ಲೆ ಕೊಟ್ಟರು. ಬಿಲ್ಲೆ ಹೇಳಿದಷ್ಟರೊಳಗೆ ಯಾವ ಕಡೆ ನಡೆಯುವುದೆಂದು ಆಟಗಾರ ಯೋಚಿಸಬಹುದಿತ್ತು. ಶಾಲೆಯ ಚೌಕ ಕಾಲೇಜಿಗೆ, ಸೋಮಾರಿತನದ ಚೌಕ ಅವಮಾನಕ್ಕೆ. ಅಜ್ಜಿಯ ಪಟಕ್ಕೂ ಇದಕ್ಕೂ ನಡುವೆ ಇಷ್ಟೇ ಇಷ್ಟು ಆಯ್ಕೆ ಬಂದು ಸೇರಿತು.

ನಿಜವಾದ ತಿರುವು 1986ರದು. ಪೀಟರ್ ಫವಾರೊ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ‘ಆಲ್ಟರ್ ಈಗೋ’ ಎಂಬ ಆಟ ಬರೆದರು, ಆಕ್ಟಿವಿಷನ್ ಅದನ್ನು ಪ್ರಕಟಿಸಿತು. ಬರೆದರು ಎಂದದ್ದು ಬೇಕೆಂದೇ. ಅದರಲ್ಲಿ ಹೆಚ್ಚೂಕಡಿಮೆ ಚಿತ್ರವೇ ಇಲ್ಲ, ಇರುವುದೆಲ್ಲ ಬರಹ. ನೂರಾರು ಜನರನ್ನು ಕೂರಿಸಿಕೊಂಡು ಅವರ ಬದುಕಿನಲ್ಲಿ ಮರೆಯಲಾಗದ ಗಳಿಗೆ ಯಾವುದೆಂದು ಕೇಳಿ, ಆ ಉತ್ತರಗಳಿಂದ ಪ್ರಸಂಗಗಳನ್ನು ಹೆಣೆದರು. ಹುಟ್ಟು, ಬಾಲ್ಯ, ಹದಿಹರೆಯ, ಯೌವನ ಎಂದು ಸಾಗಿ ಮುಪ್ಪಿನವರೆಗೆ ಏಳು ಘಟ್ಟ. ಗಂಡಿಗೊಂದು, ಹೆಣ್ಣಿಗೊಂದು ಎಂದು ಎರಡು ಬೇರೆ ಬೇರೆ ಆವೃತ್ತಿಗಳು. ನನ್ನನ್ನು ಬೆರಗುಗೊಳಿಸಿದ್ದು ಅದರ ಒಂದು ಸಣ್ಣ ವ್ಯವಸ್ಥೆ. ಎಷ್ಟೋ ಪ್ರಸಂಗಗಳಲ್ಲಿ ಏನು ಮಾಡುತ್ತೀ ಎಂದಷ್ಟೇ ಅದು ಕೇಳುವುದಿಲ್ಲ. ಯಾವ ಮನಸ್ಸಿನಿಂದ ಮಾಡುತ್ತೀ ಎಂದೂ ಕೇಳುತ್ತದೆ. ಸಿಟ್ಟಿನಿಂದ ಸುಮ್ಮನಿರುವುದು ಬೇರೆ, ಹೆದರಿ ಸುಮ್ಮನಿರುವುದು ಬೇರೆ. ಮಗು ಬೆಳೆಯುವುದರ ಬಗ್ಗೆ ಆಟವೊಂದು ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದು ಅದೇ ಮೊದಲಿರಬೇಕು.

ಆದರೆ ಮನೆಮಾತಾದದ್ದು ‘ದಿ ಸಿಮ್ಸ್’. 1991ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಗುಡ್ಡಗಳಿಗೆ ಹತ್ತಿದ ಬೆಂಕಿಯಲ್ಲಿ ಆ ಆಟವನ್ನು ಮುಂದೆ ರೂಪಿಸಿದ ವಿಲ್ ರೈಟ್ ಅವರ ಮನೆ ಸುಟ್ಟುಹೋಯಿತು. ಮನೆಯನ್ನು ಮತ್ತೆ ಕಟ್ಟಿಕೊಳ್ಳುವಾಗ, ಒಬ್ಬ ಮನುಷ್ಯನಿಗೆ ಬದುಕಲು ನಿಜವಾಗಿ ಏನೇನು ಬೇಕು ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ಅದರ ಫಲವಾಗಿ ಬಂದ ಆಟ 2000ದಲ್ಲಿ ಬಿಡುಗಡೆಯಾಯಿತು. ಸೋಜಿಗವೆಂದರೆ, ಮನುಷ್ಯರ ದಿನಚರಿಯನ್ನು ಹಸಿವು, ನಿದ್ದೆ, ಸ್ನಾನದವರೆಗೆ ಎಣಿಸಿದ ಆ ಮೊದಲ ಆಟದಲ್ಲಿ ಮಕ್ಕಳು ದೊಡ್ಡವರಾಗುತ್ತಲೇ ಇರಲಿಲ್ಲ. ತೊಟ್ಟಿಲ ಕೂಸು ಮೂರು ದಿನದಲ್ಲಿ ಶಾಲೆಗೆ ಹೋಗುವ ಮಗುವಾಗುತ್ತಿತ್ತು, ಆಮೇಲೆ ಎಂದೆಂದಿಗೂ ಮಗುವೇ. ಬೆಳವಣಿಗೆ ಬಂದದ್ದು 2004ರ ‘ಸಿಮ್ಸ್ 2’ರಲ್ಲಿ. ಅಲ್ಲಿ ಕೂಸಿಗೆ ಅಪ್ಪನ ಮೂಗು, ಅಮ್ಮನ ಕಣ್ಣು. ತಪ್ಪುಹೆಜ್ಜೆಯ ವಯಸ್ಸಿನಲ್ಲಿ ಅದಕ್ಕೆ ಮೂರು ವಿದ್ಯೆ ಕಲಿಸಬೇಕು: ನಡೆಯುವುದು, ಮಾತಾಡುವುದು, ಶೌಚಕ್ಕೆ ಕೂರುವುದು. ಕಲಿಸಲು ಹೊತ್ತು ಸಿಗದಿದ್ದರೆ ಮಗು ಕಲಿಯದೆಯೇ ಮುಂದಿನ ವಯಸ್ಸಿಗೆ ದಾಟುತ್ತದೆ. ಕೂಸು ಉಪವಾಸ ಬಿದ್ದರೆ ಸರ್ಕಾರದವರು ಬಂದು ಎತ್ತಿಕೊಂಡು ಹೋಗುತ್ತಾರೆ. ಇದೇ ಸರಣಿಯ ನಾಲ್ಕನೆಯ ಆಟ 2014ರಲ್ಲಿ ಬಂದಾಗ ಈ ತಪ್ಪುಹೆಜ್ಜೆಯ ವಯಸ್ಸನ್ನೇ ಬಿಟ್ಟಿದ್ದರು. ತೊಟ್ಟಿಲಿನಿಂದ ಇಳಿದದ್ದೇ ಶಾಲೆ. ಆಡುವವರು ಸುಮ್ಮನಿರಲಿಲ್ಲ, ಕೇಳುತ್ತಲೇ ಇದ್ದರು. 2017ರ ಜನವರಿಯಲ್ಲಿ ಆ ವಯಸ್ಸು ಮರಳಿ ಬಂತು. ತೊಟ್ಟಿಲಿಗೂ ತಪ್ಪುಹೆಜ್ಜೆಗೂ ನಡುವಿನ ಎಳೆಗೂಸು ಬರಲು 2023 ಆಗಬೇಕಾಯಿತು. ಮಗು ಎದ್ದು ಬಿದ್ದು ನಡೆಯುವ ಆ ಒಂದೆರಡು ವರ್ಷಕ್ಕಾಗಿ ಲೋಕದ ನಾನಾ ಮೂಲೆಯ ಆಟಗಾರರು ಇಷ್ಟು ಹಟ ಹಿಡಿದರಲ್ಲ ಎಂದು ನೆನೆದಾಗ ನನಗೆ ಈಗಲೂ ಮನಸ್ಸು ತುಂಬಿ ಬರುತ್ತದೆ.

ಫೋನಿನಲ್ಲಿ ನಮ್ಮ ಹುಡುಗರೂ ಆಡುವ ‘ಬಿಟ್‌ಲೈಫ್’ 2018ರದು. ಗುಂಡಿಯ ಒಂದು ಒತ್ತಿಗೆ ಒಂದು ವರ್ಷ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಹುಟ್ಟಿ, ಓದಿ, ಮದುವೆಯಾಗಿ ಸಾಯಬಹುದು. ಅದರ ಬಗ್ಗೆ ಹೆಚ್ಚು ಹೇಳುವಂಥದ್ದು ನನ್ನಲ್ಲಿಲ್ಲ; ಆ ವೇಗದಲ್ಲಿ ಬಾಲ್ಯ ಎಂಬುದು ಕಣ್ಣಿಗೇ ಬೀಳುವುದಿಲ್ಲ.

ಅದೇ 2018ರ ಸೆಪ್ಟೆಂಬರ್ ಕೊನೆಯಲ್ಲಿ ಚೀನಾದಿಂದ ಬಂದ ‘ಚೈನೀಸ್ ಪೇರೆಂಟ್ಸ್’ ಬಗ್ಗೆ ಮಾತ್ರ ಸಾವಕಾಶವಾಗಿ ಮಾತಾಡಬೇಕು. ಅಲ್ಲಿನ ಒಂದು ಪುಟ್ಟ ತಂಡ ತಾವು ಬೆಳೆದ ಮನೆಗಳನ್ನೇ ನೆನೆದು ಮಾಡಿದ ಆಟ ಅದು. ‘ಪ್ರಿನ್ಸೆಸ್ ಮೇಕರ್’ನ ವೇಳಾಪಟ್ಟಿ ಇಲ್ಲೂ ಇದೆ. ಆದರೆ ನೀವು ಇಲ್ಲಿ ಸಾಕುವವರಲ್ಲ, ಸಾಕಿಸಿಕೊಳ್ಳುವವರು. ತೊಟ್ಟಿಲಿನಿಂದ ಹೊರಟು ಗಾವ್‌ಕಾವ್ ಪರೀಕ್ಷೆಯವರೆಗೆ ನಡೆಯಬೇಕು. ಗಾವ್‌ಕಾವ್ ಎಂದರೆ ಚೀನಾದ ಕಾಲೇಜು ಪ್ರವೇಶ ಪರೀಕ್ಷೆ. ಸಾಮಾನ್ಯವಾಗಿ ಜೂನ್ 7ಕ್ಕೆ ಶುರು, ಹೆಚ್ಚಿನ ಪ್ರಾಂತ್ಯಗಳಲ್ಲಿ ಒಟ್ಟು 750 ಅಂಕ. ಆಟ ಬಂದ ವರ್ಷ ಅದಕ್ಕೆ ಹೆಸರು ಕೊಟ್ಟಿದ್ದವರು ಸುಮಾರು 97.5 ಲಕ್ಷ ಮಕ್ಕಳು.

ಪ್ರತಿ ಸರದಿಯಲ್ಲೂ ಮಗುವಿನ ಮಿದುಳು ಬಣ್ಣದ ಬಿಲ್ಲೆಗಳ ಹಾಸಾಗಿ ಕಾಣುತ್ತದೆ. ಬುದ್ಧಿ, ನೆನಪು, ಕಲ್ಪನೆ, ಮೈಬಲ, ಇತರರೊಡನೆ ಬೆರೆಯುವ ಗುಣ ಹೀಗೆ ಒಂದೊಂದು ಬಿಲ್ಲೆ ಒಂದೊಂದರದು. ಕೈಯಲ್ಲಿರುವ ಶಕ್ತಿ ಮುಗಿಯುವಷ್ಟರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೀರೋ ನೋಡಿ. ಆಮೇಲೆ ಕಲಿಕೆಯನ್ನೂ ಆಟಪಾಠವನ್ನೂ ಚೌಕಕ್ಕೆ ಹಾಕಬೇಕು. ಇಲ್ಲೂ ಒತ್ತಡದ ಅಂಕಿ ಇದೆ. ಅದರ ಪಕ್ಕದಲ್ಲೇ ಹೊಸದೊಂದು ಅಂಕಿ: ತಂದೆತಾಯಿಯ ತೃಪ್ತಿ. ಮಗು ಆಟಕ್ಕೆ ಹೋದರೆ ಒತ್ತಡ ಇಳಿಯುತ್ತದೆ, ಅಪ್ಪ ಅಮ್ಮನ ತೃಪ್ತಿಯೂ ಇಳಿಯುತ್ತದೆ. ಓದಲು ಕೂತರೆ ಎರಡೂ ಏರುತ್ತವೆ. ಇಷ್ಟೇ ನಿಯಮ. ಪ್ರಬಂಧ ಬರೆದು ಹೇಳಬೇಕಾದ ವಿಷಯವನ್ನು ಎರಡು ಪಟ್ಟಿಗಳ ಏರಿಳಿತದಲ್ಲಿ ಹೇಳಿ ಮುಗಿಸಿದ್ದಾರೆ.

ನೆಂಟರ ಪ್ರಸಂಗಗಳು ಇನ್ನೂ ಚೆಂದ. ಹೊಸ ವರ್ಷಕ್ಕೆ ಬಂಧುಗಳು ಮಗುವಿನ ಕೈಗೆ ಹಣದ ಕೆಂಪು ಲಕೋಟೆ ತುರುಕಲು ಬರುತ್ತಾರೆ. ಅದನ್ನು ಬೇಡ ಬೇಡ ಎನ್ನುತ್ತಲೇ ತೆಗೆದುಕೊಳ್ಳಬೇಕು. ಕೂಡಲೇ ತೆಗೆದುಕೊಂಡರೆ ಆಸೆಬುರುಕ, ಹಟ ಹಿಡಿದು ನಿರಾಕರಿಸಿದರೆ ದುಡ್ಡೂ ಹೋಯಿತು. ಇನ್ನೊಂದು ‘ಮುಖದ ಕಾಳಗ’. ಚೀನೀಯರು ಮುಖ ಎಂದರೆ ನಾವು ಮರ್ಯಾದೆ ಎನ್ನುತ್ತೇವೆ. ಇಬ್ಬರು ತಾಯಂದಿರು ಎದುರುಬದುರು ನಿಂತು, ನನ್ನ ಮಗ ಪಿಯಾನೊ ನುಡಿಸುತ್ತಾನೆ, ನನ್ನ ಮಗ ತರಗತಿಗೇ ಮೊದಲು ಎಂದು ಮಕ್ಕಳ ವಿದ್ಯೆಗಳನ್ನು ಬಾಣದಂತೆ ಎಸೆಯುತ್ತಾರೆ. ಯಾರ ಬತ್ತಳಿಕೆ ಮೊದಲು ಬರಿದಾಗುತ್ತದೋ ಅವರಿಗೆ ಸೋಲು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತು ‘ನಿಮ್ಮ ಮಗಳದ್ದು ಪರ್ಸೆಂಟೇಜ್ ಎಷ್ಟಾಯ್ತು?’ ಎಂಬ ಮಾತು ಕೇಳಿಸಿಕೊಂಡ ಯಾರಿಗೂ ಈ ಕಾಳಗ ಹೊಸದಲ್ಲ. ನಮ್ಮಲ್ಲಿ ಎಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆ ಅರ್ಧರ್ಧದ ಲೆಕ್ಕ ನಮ್ಮ ಎಷ್ಟು ಮನೆಗಳ ಎರಡು ವರ್ಷವನ್ನು ಆಳುತ್ತದೆಂದು ಗೊತ್ತಿರುವವರಿಗೆ ಚೀನಾದ ಆ ಅಡುಗೆಮನೆ, ಆ ಓದುಮೇಜು, ಬಾಗಿಲ ಸಂದಿಯಿಂದ ಇಣುಕುವ ಆ ತಾಯಿ ಎಲ್ಲ ಪರಿಚಿತವೇ.

ಆದರೂ ಈ ಆಟ ತಾಯ್ತಂದೆಯರನ್ನು ಖಳರನ್ನಾಗಿ ಮಾಡುವುದಿಲ್ಲ. ಅದಕ್ಕೇ ನನಗೆ ಇದು ದೊಡ್ಡದಾಗಿ ಕಾಣುವುದು. ಗಾವ್‌ಕಾವ್ ಮುಗಿದು, ಕಾಲೇಜು, ನೌಕರಿ, ಮದುವೆ ಎಲ್ಲ ಒಂದೆರಡು ಪುಟದಲ್ಲಿ ಸರಿದು ಹೋಗುತ್ತವೆ. ಆಮೇಲೆ ನಿಮಗೊಂದು ಮಗು ಹುಟ್ಟುತ್ತದೆ. ನೀವು ಗಳಿಸಿದ್ದರಲ್ಲಿ ಒಂದು ಪಾಲು ಆ ಮಗುವಿಗೆ ಹುಟ್ಟಿನಿಂದಲೇ ದಕ್ಕುತ್ತದೆ. ಈಗ ನೀವು ಆ ಮಗು. ಹಿಂದಿನ ಸುತ್ತಿನಲ್ಲಿ ಯಾರ ಒತ್ತಡವನ್ನು ನೀವು ಅಂಗೈಯಲ್ಲಿ ಹಿಡಿದು ಕಾಯ್ದಿದ್ದಿರೋ ಅದೇ ಹುಡುಗ ಈಗ ತೃಪ್ತಿಯ ಪಟ್ಟಿಯ ಹಿಂದೆ ಅಪ್ಪನಾಗಿ ನಿಂತಿದ್ದಾನೆ. ಅವನು ಏನು ಕಳೆದುಕೊಂಡು ಅಲ್ಲಿಗೆ ಬಂದನೆಂದು ನಿಮ್ಮೊಬ್ಬರಿಗೇ ಗೊತ್ತು. ಅವನ ಮೇಲೆ ಸಿಟ್ಟು ಮಾಡಲು ಮನಸ್ಸಾಗುವುದಿಲ್ಲ.

ಇಲ್ಲಿಯವರೆಗಿನ ಆಟಗಳಲ್ಲಿ ಕಲಿತದ್ದು ಅಂಕಿಯಾಗಿ ಉಳಿಯುತ್ತದೆ. ನಿಜದ ಬಾಲ್ಯದಲ್ಲಿ ಹಾಗಲ್ಲ. ಇದು ಕೆಲವರಿಗಾದರೂ ಹೊಳೆದಿದೆ. ‘ಲಾಂಗ್ ಲಿವ್ ದ ಕ್ವೀನ್’ ಎಂಬ 2012ರ ಆಟದಲ್ಲಿ ಹದಿನಾಲ್ಕರ ರಾಜಕುಮಾರಿ ಎಲೊಡಿಗೆ ಪಟ್ಟಾಭಿಷೇಕಕ್ಕೆ ನಲವತ್ತು ವಾರ ಉಳಿದಿದೆ. ವಾರಕ್ಕೆ ಎರಡು ಪಾಠ. ಅವಳ ತಾಯಿ ತೀರಿಕೊಂಡು ಹೆಚ್ಚು ದಿನವಾಗಿಲ್ಲ. ದುಃಖದಲ್ಲಿರುವಾಗ ಕೆಲವು ವಿದ್ಯೆ ತಲೆಗೆ ಹತ್ತುವುದೇ ಇಲ್ಲ, ಕೆಲವು ಬೇಗ ಹತ್ತುತ್ತವೆ. ಸಿಟ್ಟಿನಲ್ಲಿರುವಾಗ ಬೇರೆ ಕೆಲವು. ಮನಸ್ಸನ್ನು ಬಿಟ್ಟು ಪಾಠ ಇಲ್ಲ ಎಂಬುದನ್ನು ಒಂದು ಲೆಕ್ಕದೊಳಗೆ ಕೂರಿಸಿದ್ದಾರೆ.

ಅದಕ್ಕಿಂತ ಮುಂದೆ ಹೋದದ್ದು ನಾರ್ತ್‌ವೇ ಗೇಮ್ಸ್‌ನವರ ‘ಐ ವಾಸ್ ಎ ಟೀನೇಜ್ ಎಕ್ಸೊಕಾಲನಿಸ್ಟ್’, 2022ರದು. ವರ್ಟಮ್ನಾ ಎಂಬ ಅಪರಿಚಿತ ಗ್ರಹಕ್ಕೆ ನೆಲೆಸಲು ಹೋದವರ ನಡುವೆ ಸೋಲ್ ಎಂಬ ಮಗು ಹತ್ತರಿಂದ ಇಪ್ಪತ್ತು ವರ್ಷದವರೆಗೆ ಬೆಳೆಯುತ್ತದೆ. ಇಲ್ಲೂ ತಿಂಗಳಿಗೊಂದು ಕೆಲಸ ಆರಿಸಬೇಕು, ಇಲ್ಲೂ ಗುಣಗಳ ಅಂಕಿಗಳಿವೆ. ಆದರೆ ಅನುಭವ ಮಾತ್ರ ಎಲೆಯಾಗಿ, ಅಂದರೆ ಇಸ್ಪೀಟಿನ ಎಲೆಯಂಥ ಒಂದು ಕಾರ್ಡಾಗಿ, ಕೈಗೆ ಬಂದು ಸೇರುತ್ತದೆ. ಗೆಳೆಯನೊಡನೆ ಕಳೆದ ಸಂಜೆ ಒಂದು ಎಲೆ. ಗೋಡೆಯಾಚೆ ಕಂಡ ಪ್ರಾಣಿ ಒಂದು ಎಲೆ. ಯಾರೋ ಸತ್ತ ದಿನವೂ ಒಂದು ಎಲೆ. ಮುಂದೆ ಕಷ್ಟವೊಂದು ಎದುರಾದಾಗ ಈ ನೆನಪಿನ ಎಲೆಗಳನ್ನೇ ಸಾಲಾಗಿ ಜೋಡಿಸಬೇಕು. ಅಂಕಿ ಏರುವಂತೆ ಇಟ್ಟರೆ ಬಲ ಹೆಚ್ಚು, ಒಂದೇ ಬಣ್ಣದವು ಪಕ್ಕಪಕ್ಕ ಬಂದರೆ ಇನ್ನೂ ಹೆಚ್ಚು. ಒಂದು ಕಹಿ ನೆನಪು ಸರಿಯಾದ ಜಾಗಕ್ಕೆ ಕೂತು ಇಡೀ ಸಾಲನ್ನು ಕಾಪಾಡುವುದುಂಟು. ಮೊದಲ ಸಲ ಆಡುವಾಗ ನೀವು ಪ್ರೀತಿಸುವ ಕೆಲವರು ಸಾಯುತ್ತಾರೆ, ತಡೆಯಲು ದಾರಿಯೇ ತೋಚುವುದಿಲ್ಲ. ಎರಡನೆಯ ಸಲ ಆಡಿದರೆ ಸೋಲ್‌ಗೆ ಹಿಂದಿನ ಬಾಳಿನ ಮಸುಕು ನೆನಪು ಇರುತ್ತದೆ. ಆ ದಿನ, ಆ ಜಾಗಕ್ಕೆ ಮೊದಲೇ ಓಡಿಹೋಗಿ ನಿಲ್ಲಬಹುದು. ಮಗು ನಿನ್ನೆಯನ್ನು ಒಟ್ಟು ಹಾಕಿಕೊಂಡು ನಾಳೆಗೆ ಹೋಗುವ ರೀತಿಯನ್ನು ಇದರಷ್ಟು ಚೆನ್ನಾಗಿ ಹಿಡಿದ ಇನ್ನೊಂದು ಆಟ ನಾನು ಕಂಡಿಲ್ಲ.

ಅಂಕಿಯನ್ನು ಕಣ್ಣಿಂದಲೇ ಮರೆಮಾಡಿದ ಒಂದು ಆಟವೂ ಇದೆ. ನಾರ್ವೆಯ ಸರೆಪ್ಟಾ ಸ್ಟುಡಿಯೊದವರ ‘ಮೈ ಚೈಲ್ಡ್ ಲೆಬೆನ್ಸ್‌ಬೋರ್ನ್’. ಇದರ ಮಗು ಹದಿನೆಂಟಕ್ಕೆ ಮುಟ್ಟುವುದಿಲ್ಲ, ಆದರೂ ಇದನ್ನು ಬಿಟ್ಟು ಮುಂದೆ ಹೋಗಲಾರೆ. 1940ರಿಂದ 1945ರವರೆಗೆ ನಾರ್ವೆಯನ್ನು ಜರ್ಮನ್ ಸೇನೆ ಆಕ್ರಮಿಸಿಕೊಂಡಿತ್ತು. ಜರ್ಮನ್ ಸೈನಿಕರಿಗೂ ನಾರ್ವೆಯ ಹೆಂಗಸರಿಗೂ ಹುಟ್ಟಿದ ಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ಊರಿನ ಸಿಟ್ಟೆಲ್ಲ ಆ ಮಕ್ಕಳ ಮೇಲೆ ತಿರುಗಿತು. ಆಟದಲ್ಲಿ ನೀವು ಅಂಥ ಒಂದು ಮಗುವನ್ನು, ಕ್ಲೌಸ್ ಎಂಬ ಹುಡುಗನನ್ನೋ ಕರಿನ್ ಎಂಬ ಹುಡುಗಿಯನ್ನೋ, ದತ್ತು ತಂದಿದ್ದೀರಿ. ದಿನಕ್ಕೆ ಇಷ್ಟೇ ಹೊತ್ತು. ದುಡಿಯಲು ಹೋದರೆ ಮಗು ಒಂಟಿ, ಮನೆಯಲ್ಲಿದ್ದರೆ ಊಟಕ್ಕಿಲ್ಲ. ಶಾಲೆಯಿಂದ ಬಂದ ಮಗುವಿನ ಅಂಗಿ ಹರಿದಿರುತ್ತದೆ. ಏನಾಯಿತೆಂದು ಅಂಕಿ ಹೇಳುವುದಿಲ್ಲ, ಪಟ್ಟಿ ತೋರಿಸುವುದಿಲ್ಲ. ಮುಖ ನೋಡಬೇಕು. ಕತ್ತು ಬಗ್ಗಿದೆಯೇ, ಕಣ್ಣು ನಿಮ್ಮನ್ನು ತಪ್ಪಿಸುತ್ತಿದೆಯೇ, ಊಟಕ್ಕೆ ಕೂತ ರೀತಿ ನಿನ್ನೆಯದೇ ಥರ ಇದೆಯೇ. ಕೇಳಿದರೆ ಹೇಳಬಹುದು, ಹೇಳದೆಯೂ ಇರಬಹುದು. ಹರಿದ ಅಂಗಿಯನ್ನು ಹೊಲಿದು ಕೊಡುವುದು ಮಾತ್ರ ನಿಮ್ಮ ಕೈಯಲ್ಲಿದೆ. 2019ರಲ್ಲಿ ಇದಕ್ಕೆ ಮನರಂಜನೆಯಾಚೆಗಿನ ಆಟಗಳಿಗೆ ಕೊಡುವ ಬಾಫ್ಟಾ ಪ್ರಶಸ್ತಿ ಬಂತು. ಇದನ್ನು ಆಡಿ ಮುಗಿಸಿದ ರಾತ್ರಿ ನಾನು ಎದ್ದು ಹೋಗಿ, ಮಲಗಿದ್ದ ಮಗಳ ಮುಖವನ್ನು ದೀಪ ಹಾಕದೆ ಬಹಳ ಹೊತ್ತು ನೋಡುತ್ತಾ ನಿಂತಿದ್ದೆ.

ಅವಳಿಗೀಗ ಹದಿಮೂರು. ಬೇಸಿಗೆ ರಜೆ ಮುಗಿಯಲು ವಾರವಿದ್ದಾಗ ನಾನು ಆಡುತ್ತಿದ್ದ ‘ಪ್ರಿನ್ಸೆಸ್ ಮೇಕರ್ 2’ ನೋಡಿ ತಾನೂ ಆಡುತ್ತೇನೆಂದಳು. ಹೊಸ ಆಟ ತೆರೆದು ಕೊಟ್ಟೆ. ಹತ್ತು ವರ್ಷದ ಹುಡುಗಿ ಬಂದು ನಿಂತಳು, ಮೊದಲ ತಿಂಗಳ ಮೂರು ಚೌಕ ಖಾಲಿ ಇದ್ದವು. ಕತ್ತಿವರಸೆ ಕಲಿಸ್ತೀಯೋ ಮ್ಯಾಜಿಕ್ ಕಲಿಸ್ತೀಯೋ ಎಂದು ಕೇಳಿದೆ. ಅವಳು ಉತ್ತರ ಕೊಡದೆ ಮೂರು ಚೌಕಕ್ಕೂ ‘ಸುತ್ತಾಡಲು ಬಿಡು’ ಎಂದು ಹಾಕಿದಳು. ಇರುವ ದುಡ್ಡೆಲ್ಲ ಹಾಗೇ ಖರ್ಚಾಗುತ್ತದೆ ಎಂದೆ.

“ಅವಳು ಈಗಷ್ಟೇ ಬಂದಿದ್ದಾಳಲ್ವಾ ಅಮ್ಮ,” ಅಂದಳು. “ಮೊದಲು ಊರೆಲ್ಲ ನೋಡ್ಲಿ.”